ವಿಡಿಯೊ ನಿಲ್ಲಿಸಿ, ಪೆನ್ಸಿಲ್ ತಗೊಳ್ಳಿ: ತಳಿವಿಜ್ಞಾನವನ್ನು ಆನ್‌ಲೈನ್‌ನಲ್ಲಿ ಕಲಿಯುವ ಬಗೆ

ನಮ್ಮಲ್ಲಿ ಬಹಳ ಜನ ಪಿಯುಸಿಯಲ್ಲಿ ಪಿಸಿಎಂಸಿ ತಗೊಂಡವರು. ಅಂದರೆ ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿದ ದಿನವೇ ಜೀವಶಾಸ್ತ್ರಕ್ಕೆ ದೊಡ್ಡ ನಮಸ್ಕಾರ ಹಾಕಿದವರು. ಈಗ ನಾಲ್ಕನೇ ಸೆಮಿಸ್ಟರ್‌ನಲ್ಲಿ ವಿಟಿಯು 'ಬಯಾಲಜಿ ಫಾರ್ ಎಂಜಿನಿಯರ್ಸ್' ಅನ್ನೋ ಪೇಪರ್ ಇಟ್ಟು ಹಳೇ ಪರಿಚಯವನ್ನ ಮತ್ತೆ ಮಾಡಿಸಿದೆ. ಅದರಲ್ಲಿ ಮೆದುಳು ಸಿಪಿಯು ಥರ, ಕಣ್ಣು ಕ್ಯಾಮೆರಾ ಥರ, ಹೃದಯ ಪಂಪ್ ಥರ ಅಂತ ಓದ್ತೀವಿ. ಚೆನ್ನಾಗೇ ಇದೆ. ಆದರೆ ಈ ಪಂಪನ್ನೂ ಕ್ಯಾಮೆರಾವನ್ನೂ ಕಟ್ಟುವ ಸೂಚನೆ ಎಲ್ಲಿ ಬರೆದಿದೆ? ಅದು ಅಪ್ಪ ಅಮ್ಮನಿಂದ ಮಕ್ಕಳಿಗೆ ಹೇಗೆ ಬರುತ್ತೆ? ಬರೆಯುವಾಗ ಒಂದೇ ಒಂದು ಅಕ್ಷರ ಬದಲಾದರೆ ಏನಾಗುತ್ತೆ? ಇದಕ್ಕೆಲ್ಲ ಉತ್ತರ ಬೇಕು ಅಂದರೆ ತಳಿವಿಜ್ಞಾನ ಮತ್ತು ಜೀವಕೋಶ ವಿಜ್ಞಾನದ ಬಾಗಿಲು ತಟ್ಟಲೇಬೇಕು.

ಆ ಬಾಗಿಲು ಈಗ ಫೋನಿನಲ್ಲೇ ಇದೆ, ದುಡ್ಡೂ ಕೊಡಬೇಕಾಗಿಲ್ಲ. ಆದರೆ ಒಂದು ತೊಡಕಿದೆ. ಈ ವಿಷಯದ ವಿಡಿಯೊಗಳು ಎಷ್ಟು ಚೆನ್ನಾಗಿವೆ ಅಂದರೆ ನೋಡ್ತಾ ನೋಡ್ತಾ ಎಲ್ಲಾ ಗೊತ್ತಾಯ್ತು ಅನಿಸುತ್ತೆ. ಮಾರನೇ ದಿನ ಖಾಲಿ ಹಾಳೆ ಮುಂದೆ ಕೂತರೆ ಪೆನ್ನು ಓಡಲ್ಲ. ಹಾಗಾಗದಂತೆ ಈ ಪಾಠಗಳನ್ನ ಹೇಗೆ ನೋಡಬೇಕು, ನೋಡಿ ಕಲಿತರೆ ಅದು ಎಲ್ಲಿಯವರೆಗೆ ಉಪಯೋಗಕ್ಕೆ ಬರುತ್ತೆ ಅನ್ನೋದನ್ನ ಕೆಲವು ಉದಾಹರಣೆಗಳ ಮೂಲಕ ಹೇಳೋಕೆ ಈ ಲೇಖನ.

ಏನೇನು ಸಿಗುತ್ತೆ?

ಅಮೆರಿಕದ ಎಂಐಟಿ ತನ್ನ ಪಾಠಗಳನ್ನ ಎಲ್ಲರಿಗೂ ಉಚಿತವಾಗಿ ಕೊಡ್ತೀವಿ ಅಂತ 2001ರಲ್ಲಿ ಘೋಷಿಸಿತು. ಅದೇ ಓಪನ್‌ಕೋರ್ಸ್‌ವೇರ್. ಅದರಲ್ಲಿ 7.012 ಅನ್ನೋ 2004ರ ಕೋರ್ಸ್ ಇದೆ, ಪಾಠ ಮಾಡಿರೋದು ಎರಿಕ್ ಲ್ಯಾಂಡರ್ ಮತ್ತು ರಾಬರ್ಟ್ ವೈನ್‌ಬರ್ಗ್. ಲ್ಯಾಂಡರ್ ಮೂಲತಃ ಗಣಿತದವರು, ಪಿಎಚ್‌ಡಿ ಮಾಡಿದ್ದು ಕೋಡಿಂಗ್ ಥಿಯರಿಯ ಮೇಲೆ. ಇಸಿ ವಿಭಾಗದವರು ಖುಷಿಪಡಬಹುದು! ಆಮೇಲೆ ಅವರು ಮಾನವ ಜೀನೋಮ್ ಯೋಜನೆಯ ಮುಂದಾಳುಗಳಲ್ಲಿ ಒಬ್ಬರಾದರು. ಇನ್ನೂ ಹೊಸದು ಬೇಕು ಅಂದರೆ 2018ರ 7.016 ಇದೆ. ಅದರಲ್ಲಿ ಬಾರ್ಬರಾ ಇಂಪೀರಿಯಾಲಿ ರಸಾಯನಶಾಸ್ತ್ರದ ಕಡೆಯಿಂದ, ಆಡಂ ಮಾರ್ಟಿನ್ ಜೀವಕೋಶದ ಕಡೆಯಿಂದ ಪಾಠ ಮಾಡ್ತಾರೆ.

ಐಬಯಾಲಜಿ ಅಂತ ಇನ್ನೊಂದು ಇದೆ. ಅಲ್ಲಿ ಸಂಶೋಧನೆ ಮಾಡಿದವರೇ ನಿಂತು ತಮ್ಮ ಕೆಲಸವನ್ನ ವಿವರಿಸ್ತಾರೆ. ತೀರಾ ಮೊದಲಿಂದ ಶುರು ಮಾಡೋರಿಗೆ ಖಾನ್ ಅಕಾಡೆಮಿ ಸುಲಭ. ನಮ್ಮ ಐಐಟಿ, ಐಐಎಸ್‌ಸಿಗಳ ಪಾಠಗಳಿಗೆ ಎನ್‌ಪಿಟಿಇಎಲ್ ಇದ್ದೇ ಇದೆ. ಎಲ್ಲವನ್ನೂ ನೋಡೋಕೆ ಹೋಗಬೇಡಿ. ಒಂದನ್ನ ಆರಿಸ್ಕೊಂಡು ಕೊನೆಯವರೆಗೂ ಹೋಗೋದೇ ಒಳ್ಳೇದು.

ಮೆಂಡೆಲ್‌ನ ಬಟಾಣಿ: 3:1 ಎಲ್ಲಿಂದ ಬಂತು?

ಎಲ್ಲಾ ಕೋರ್ಸೂ ಮೆಂಡೆಲ್‌ನಿಂದ ತಳಿವಿಜ್ಞಾನ ಶುರು ಮಾಡುತ್ತೆ. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠವೊಂದರಲ್ಲಿದ್ದ ಸನ್ಯಾಸಿ ಅವನು. ದುಂಡು ಬೀಜದ ಬಟಾಣಿ ಗಿಡಕ್ಕೂ ಸುಕ್ಕು ಬೀಜದ ಗಿಡಕ್ಕೂ ಅಡ್ಡತಳಿ ಮಾಡಿದ. ಮೊದಲ ಪೀಳಿಗೆಯ ಬೀಜಗಳೆಲ್ಲಾ ದುಂಡು. ಅವನ್ನ ಬೆಳೆಸಿ ತಮ್ಮಷ್ಟಕ್ಕೇ ಬೀಜ ಕಟ್ಟೋಕೆ ಬಿಟ್ಟರೆ ಎರಡನೇ ಪೀಳಿಗೆಯಲ್ಲಿ ಸುಕ್ಕು ಬೀಜ ಮತ್ತೆ ಪ್ರತ್ಯಕ್ಷ!

ಇಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ 3:1 ಅಂತ ಬರೀತಾರೆ, ನಾವು ತಲೆಯಾಡಿಸ್ತೀವಿ. ನಿಲ್ಲಿಸಬೇಕಾದ ಜಾಗ ಇದೇ. ಮೆಂಡೆಲ್‌ಗೆ ಕಂಡಿದ್ದು 3:1 ಅಲ್ಲ. ಅವನು ಎಣಿಸಿದ್ದು 5,474 ದುಂಡು, 1,850 ಸುಕ್ಕು. ಭಾಗಿಸಿದರೆ 2.96. ಇದನ್ನ 3 ಅಂತ ಕರೆಯೋಕೆ ಅವನಿಗೆ ಧೈರ್ಯ ಎಲ್ಲಿಂದ ಬಂತು?

ಪೆನ್ಸಿಲ್ ತಗೊಳ್ಳಿ. ಒಟ್ಟು ಬೀಜ 7,324. ಸರಿಯಾಗಿ 3:1 ಆಗಿದ್ದರೆ 5,493 ದುಂಡು, 1,831 ಸುಕ್ಕು ಇರಬೇಕಿತ್ತು. ವ್ಯತ್ಯಾಸ 19. ಪ್ರತಿ ಬೀಜವೂ ಮುಕ್ಕಾಲು ಪಾಲು ದುಂಡಾಗುವ ಒಂದು ನಾಣ್ಯ ಅಂದ್ಕೊಳ್ಳಿ. ಗಣಿತದ ಪೇಪರ್‌ನಲ್ಲಿ ಓದಿರೋ ಬೈನಾಮಿಯಲ್ ಸೂತ್ರ ಹಾಕಿದರೆ ಪ್ರಮಾಣಿತ ವಿಚಲನೆ ಸುಮಾರು 37 ಬರುತ್ತೆ. ಅಂದರೆ 19ರ ವ್ಯತ್ಯಾಸ ಅದರ ಅರ್ಧದಷ್ಟು, ಏನೇನೂ ಅಲ್ಲ. ಅದೃಷ್ಟದ ಆಟದಲ್ಲಿ ಅಷ್ಟು ಏರುಪೇರು ಇದ್ದೇ ಇರುತ್ತೆ.

ಈಗ 3:1 ಅನ್ನೋದು ಬಾಯಿಪಾಠ ಮಾಡಿದ ಅನುಪಾತವಾಗಿ ಉಳಿಯಲ್ಲ. ಪ್ರತಿ ಗಿಡದಲ್ಲೂ ಒಂದು ಗುಣಕ್ಕೆ ಎರಡು ಪ್ರತಿ ಇದೆ, ಮಗುವಿಗೆ ಹೋಗೋದು ಅದರಲ್ಲಿ ಒಂದೇ, ಯಾವುದು ಅನ್ನೋದು ನಾಣ್ಯ ಚಿಮ್ಮಿದ ಹಾಗೆ: ಇಷ್ಟನ್ನ ಒಪ್ಪಿದರೆ ಆ ಸಂಖ್ಯೆ ತಾನಾಗೇ ಬರುತ್ತೆ. ಮೆಂಡೆಲ್ 1866ರಲ್ಲಿ ಇದನ್ನ ಪ್ರಕಟಿಸಿದಾಗ ಡಿಎನ್‌ಎ ಇರಲಿ, ವರ್ಣತಂತು ಅನ್ನೋ ಹೆಸರೇ ಹುಟ್ಟಿರಲಿಲ್ಲ. ಕಣ್ಣಿಗೆ ಕಾಣದ ವಸ್ತುವೊಂದನ್ನ ಬರೀ ಎಣಿಕೆಯಿಂದ ಊಹಿಸಿದ. ನಾವು ಔಟ್‌ಪುಟ್ ನೋಡಿ ಮುಚ್ಚಿದ ಪೆಟ್ಟಿಗೆಯೊಳಗಿನ ಸರ್ಕಿಟ್ ಯಾವುದು ಅಂತ ಕಂಡುಹಿಡಿಯೋ ಹಾಗೆ.

ಡಿಎನ್‌ಎ ನಕಲು: ಉತ್ತರ ಬರೋ ಮೊದಲೇ ಬರೆದಿಡಿ

ಎರಡನೇ ಉದಾಹರಣೆ ನನಗೆ ತುಂಬಾ ಇಷ್ಟವಾದದ್ದು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ಎರಡು ಎಳೆಗಳ ಸುರುಳಿ ಅಂದರು. ಹಾಗಾದರೆ ಜೀವಕೋಶ ಎರಡಾಗುವಾಗ ಈ ಸುರುಳಿ ನಕಲಾಗೋದು ಹೇಗೆ? ಮೂರು ಸಾಧ್ಯತೆ ಇತ್ತು. ಒಂದು, ಹಳೇ ಸುರುಳಿ ಹಾಗೇ ಉಳಿದು ಪೂರ್ತಿ ಹೊಸದೊಂದು ತಯಾರಾಗಬಹುದು. ಎರಡು, ಹಳೇ ಎಳೆಗಳು ಬಿಡಿಸಿಕೊಂಡು ಒಂದೊಂದಕ್ಕೂ ಒಂದು ಹೊಸ ಎಳೆ ಜೋಡಿಯಾಗಬಹುದು. ಮೂರು, ಹಳೇದು ಚೂರುಚೂರಾಗಿ ಎಲ್ಲಾ ಎಳೆಗಳಲ್ಲೂ ಹೊಸದರ ಜೊತೆ ಬೆರೆಯಬಹುದು.

ಮೆಸೆಲ್ಸನ್ ಮತ್ತು ಸ್ಟಾಲ್ ಎಂಬ ಇಬ್ಬರು ಇದನ್ನ ಇತ್ಯರ್ಥ ಮಾಡಿದರು, 1958ರಲ್ಲಿ ಪ್ರಕಟಿಸಿದರು. ಭಾರದ ನೈಟ್ರೋಜನ್ ಇರುವ ಆಹಾರದಲ್ಲಿ ಇ. ಕೊಲೈ ಬ್ಯಾಕ್ಟೀರಿಯಾವನ್ನ ಹಲವು ಪೀಳಿಗೆ ಬೆಳೆಸಿದರು. ಅದರ ಡಿಎನ್‌ಎ ಎಲ್ಲಾ ಭಾರ ಆಯ್ತು. ಆಮೇಲೆ ಸಾಮಾನ್ಯ, ಅಂದರೆ ಹಗುರ ನೈಟ್ರೋಜನ್‌ಗೆ ಬದಲಾಯಿಸಿದರು. ಪ್ರತಿ ಪೀಳಿಗೆಯ ಡಿಎನ್‌ಎ ತೆಗೆದು ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅತಿ ವೇಗವಾಗಿ ತಿರುಗಿಸಿದರೆ, ಭಾರದ್ದು ಕೆಳಗೂ ಹಗುರದ್ದು ಮೇಲೂ ಪಟ್ಟಿಯಾಗಿ ನಿಲ್ಲುತ್ತೆ.

ಇಲ್ಲಿ ವಿಡಿಯೊ ನಿಲ್ಲಿಸಿ. ಮೂರು ಸಾಧ್ಯತೆ, ಎರಡು ಪೀಳಿಗೆ. ಆರು ಮನೆಯ ಕೋಷ್ಟಕ ಬರೆದು ಒಂದೊಂದರಲ್ಲೂ ಪಟ್ಟಿ ಎಲ್ಲಿರಬೇಕು ಅಂತ ತುಂಬಿಸಿ. ನೋಡ್ಕೊಂಡು ಬರೆಯೋದು ಬೇಡ, ಐದು ನಿಮಿಷ ತಗೊಳ್ಳಿ.

ಉತ್ತರ ಹೀಗೆ. ಮೊದಲ ಪೀಳಿಗೆಯಲ್ಲಿ ಮೊದಲ ಸಾಧ್ಯತೆ ನಿಜವಾದರೆ ಎರಡು ಪಟ್ಟಿ, ಒಂದು ಪೂರ್ತಿ ಕೆಳಗೆ, ಒಂದು ಪೂರ್ತಿ ಮೇಲೆ. ಮಿಕ್ಕ ಎರಡರಲ್ಲೂ ನಡುವೆ ಒಂದೇ ಪಟ್ಟಿ. ಪ್ರಯೋಗದಲ್ಲಿ ಕಂಡಿದ್ದು ನಡುವೆ ಒಂದೇ ಪಟ್ಟಿ. ಸರಿ, ಮೊದಲನೇದು ಔಟ್. ಆದರೆ ಉಳಿದೆರಡನ್ನ ಬೇರ್ಪಡಿಸೋಕೆ ಇಷ್ಟು ಸಾಲದು. ಎರಡನೇ ಪೀಳಿಗೆಯಲ್ಲಿ, ಎಳೆ ಬಿಡಿಸಿಕೊಳ್ಳುವ ಸಾಧ್ಯತೆಯಾದರೆ ಅರ್ಧ ನಡುವೆ, ಅರ್ಧ ಮೇಲೆ. ಚೂರುಚೂರಾಗುವುದಾದರೆ ಮತ್ತೆ ಒಂದೇ ಪಟ್ಟಿ, ನಡುವಿಗಿಂತ ಸ್ವಲ್ಪ ಮೇಲಕ್ಕೆ. ಕಂಡಿದ್ದು ಎರಡು ಪಟ್ಟಿ. ಕೇಸ್ ಮುಗೀತು.

ಕೋಷ್ಟಕ ನೀವೇ ತುಂಬಿಸಿದ್ದರೆ ಎರಡನೇ ಪೀಳಿಗೆ ಯಾಕೆ ಬೇಕಾಯ್ತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬರೀ ನೋಡಿದ್ದರೆ 'ಅರ್ಧ ಹಳೇದು ಅರ್ಧ ಹೊಸದು' ಅನ್ನೋ ಒಂದು ಸಾಲು ಮಾತ್ರ ತಲೆಯಲ್ಲಿ ಉಳಿಯುತ್ತೆ. ಈ ವಿಷಯದ ಒಂದೊಂದು ವಾಕ್ಯದ ಹಿಂದೆಯೂ ಇಂಥದ್ದೊಂದು ಜಗಳ ನಡೆದಿದೆ. ವಿಡಿಯೊ ಓಡ್ತಾ ಇದ್ದರೆ ನಮಗೆ ಸಿಗೋದು ತೀರ್ಪು. ನಿಲ್ಲಿಸಿದರೆ ವಾದ ಪ್ರತಿವಾದವೂ ಸಿಗುತ್ತೆ.

ಜೀವಕೋಶದ ಆನಿಮೇಷನ್: ಚಂದ ಇದೆ, ಆದರೆ...

ಜೀವಕೋಶದ ಪಾಠಗಳಲ್ಲಿ ತೊಡಕು ಬೇರೆ ಥರ. ಅಲ್ಲಿ ಆನಿಮೇಷನ್ ಜಾಸ್ತಿ. ನೀವೂ ನೋಡಿರಬಹುದು: ತೆಳ್ಳಗಿನ ಕೊಳವೆಯೊಂದರ ಮೇಲೆ ಎರಡು ಕಾಲಿನ ಪ್ರೋಟೀನ್ ಒಂದು ದೊಡ್ಡ ಮೂಟೆ ಹೊತ್ಕೊಂಡು, ಎಪಿಎಂಸಿ ಯಾರ್ಡಿನ ಹಮಾಲಿ ಥರ ಹೆಜ್ಜೆ ಹಾಕ್ಕೊಂಡು ಹೋಗುತ್ತೆ. ಅದರ ಹೆಸರು ಕೈನೆಸಿನ್. ರಾನ್ ವೇಲ್ ಮತ್ತು ಸಂಗಡಿಗರು 1985ರಲ್ಲಿ ಅದನ್ನ ಪತ್ತೆ ಮಾಡಿದ್ದು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ. ಐಬಯಾಲಜಿ ಶುರು ಮಾಡಿದವರೂ ಇದೇ ವೇಲ್.

ಹೆಜ್ಜೆ ಹಾಕೋದು ನಿಜ. ಒಂದು ಹೆಜ್ಜೆ 8 ನ್ಯಾನೋಮೀಟರ್, ಹೆಜ್ಜೆಗೆ ಒಂದು ಎಟಿಪಿ ಖರ್ಚು. ಆದರೆ ಆನಿಮೇಷನ್‌ನಲ್ಲಿ ಸುತ್ತ ಖಾಲಿ ಜಾಗ, ನಡಿಗೆ ನಿಧಾನ, ಗಂಭೀರ. ನಿಜವಾದ ಜೀವಕೋಶ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಇದ್ದ ಹಾಗೆ. ನೀರಿನ ಅಣುಗಳು ಎಲ್ಲಾ ಕಡೆಯಿಂದ ಗುದ್ದುತ್ತಾ ಇರುತ್ತವೆ. ಎತ್ತಿದ ಕಾಲು ಆ ಗುದ್ದಾಟದಲ್ಲೇ ಅತ್ತಿತ್ತ ಹೊಯ್ದಾಡಿ ಮುಂದಿನ ಜಾಗ ಸಿಕ್ಕಾಗ ಗಪ್ ಅಂತ ಹಿಡ್ಕೊಳ್ಳುತ್ತೆ. ನೀರನ್ನೂ ಜನಜಂಗುಳಿಯನ್ನೂ ತೋರಿಸಿದರೆ ನಮಗೇನೂ ಕಾಣಲ್ಲ ಅಂತ ಚಿತ್ರ ಮಾಡಿದವರು ಅದನ್ನ ತೆಗೆದಿರ್ತಾರೆ. ಹಾಗಾಗಿ ಆನಿಮೇಷನ್ ನೋಡುವಾಗ ಕೇಳಬೇಕಾದ ಪ್ರಶ್ನೆ: ಇದರಲ್ಲಿ ಏನನ್ನ ಬಿಟ್ಟಿದ್ದಾರೆ?

ಇಲ್ಲೂ ಲೆಕ್ಕ ನೆರವಿಗೆ ಬರುತ್ತೆ. ಕೈನೆಸಿನ್ ಸೆಕೆಂಡಿಗೆ ಸುಮಾರು 1 ಮೈಕ್ರೋಮೀಟರ್ ಹೋಗುತ್ತೆ ಅಂತ ಹಿಡಿಯಿರಿ. 8 ನ್ಯಾನೋಮೀಟರ್‌ನಿಂದ ಭಾಗಿಸಿದರೆ ಸೆಕೆಂಡಿಗೆ 125 ಹೆಜ್ಜೆ! ಬೆನ್ನುಹುರಿಯಿಂದ ಪಾದದವರೆಗಿನ ನರದ ಎಳೆ ಸುಮಾರು 1 ಮೀಟರ್ ಉದ್ದ. ಅಷ್ಟು ದೂರಕ್ಕೆ 10 ಲಕ್ಷ ಸೆಕೆಂಡು, ಅಂದರೆ ಹನ್ನೊಂದೂವರೆ ದಿನ. ಒಂದೇ ಜೀವಕೋಶದೊಳಗೆ ಸರಕು ಸಾಗಣೆಗೆ ಹನ್ನೊಂದು ದಿನ! ಈ ಅಂದಾಜು ಮಾಡಿದ ಮೇಲೆ ಆ ಪುಟ್ಟ ಹಮಾಲಿಯ ಮೇಲಿನ ಗೌರವ ಜಾಸ್ತಿಯೇ ಆಗುತ್ತೆ.

ಕನ್ನಡದಲ್ಲಿ ಹೇಳಿ ನೋಡಿ

ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ ಒಂದು ಸಣ್ಣ ಉಪಾಯ. ಪಾಠ ಮುಗಿದ ಮೇಲೆ ಅದರ ಮುಖ್ಯ ಪದಗಳನ್ನ ಕನ್ನಡದಲ್ಲಿ ಹುಡುಕಿ. ಕ್ರೋಮೋಸೋಮ್ ಅನ್ನೋದು ಕಿವಿಗೆ ಬರೀ ಶಬ್ದ. ವರ್ಣತಂತು ಅಂದ ತಕ್ಷಣ 'ಬಣ್ಣದ ಎಳೆ' ಅಂತ ಅರ್ಥವಾಗುತ್ತೆ. ಯಾಕೆ ಬಣ್ಣ ಅಂತ ಕೇಳಿದರೆ ಕಥೆ ಬಿಚ್ಚಿಕೊಳ್ಳುತ್ತೆ: ಜೀವಕೋಶಕ್ಕೆ ಬಣ್ಣ ಹಾಕಿದಾಗ ಇವು ಅದನ್ನ ಚೆನ್ನಾಗಿ ಹೀರಿಕೊಂಡು ಸೂಕ್ಷ್ಮದರ್ಶಕದಲ್ಲಿ ಎದ್ದು ಕಂಡವು. ಗ್ರೀಕ್ ಮೂಲದ ಕ್ರೋಮೋಸೋಮ್ ಪದದ ಅರ್ಥವೂ 'ಬಣ್ಣದ ಕಾಯ' ಅಂತಲೇ, ಆದರೆ ನಮಗೆ ಗ್ರೀಕ್ ಬರಲ್ವಲ್ಲ! ಹಾಗೇ ಜೀನ್ ಅಂದರೆ ವಂಶವಾಹಿ, ವಂಶವನ್ನ ಹೊತ್ತು ತರುವಂಥದ್ದು. ಇನ್ನು ವಾಹಕ ಅನ್ನೋ ಪದ. ಅದರಿಂದಲೇ ಮುಂದಿನ ಮಾತಿಗೆ ಹೋಗೋಣ.

ಒಂದು ಅಕ್ಷರ, ಒಬ್ಬ ವಾಹಕ

ಕುಡಗೋಲು ಕಣ ರೋಗದ ಬಗ್ಗೆ ಪ್ರತಿ ಕೋರ್ಸ್‌ನಲ್ಲೂ ಪಾಠ ಇರುತ್ತೆ. ಹಿಮೋಗ್ಲೋಬಿನ್‌ನ ಒಂದು ವಂಶವಾಹಿಯಲ್ಲಿ ಜಿಎಜಿ ಇರಬೇಕಾದ ಕಡೆ ಜಿಟಿಜಿ ಬಂದಿರುತ್ತೆ. ಬದಲಾಗಿದ್ದು ಒಂದೇ ಅಕ್ಷರ. ಅದರಿಂದ ಪ್ರೋಟೀನ್‌ನಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತೆ. ಆಮ್ಲಜನಕ ಕಡಿಮೆಯಾದಾಗ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದ ಸರಳಾಗುತ್ತೆ, ದುಂಡಗಿನ ರಕ್ತಕಣ ಕುಡಗೋಲಿನ ಆಕಾರಕ್ಕೆ ಬಾಗುತ್ತೆ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ತಡೆಯಲಾಗದ ನೋವು ಬರುತ್ತೆ. ಅಕ್ಷರದಿಂದ ನೋವಿನವರೆಗೆ ಒಂದೊಂದೇ ಮೆಟ್ಟಿಲು ಇಳಿದು ನೋಡಬಹುದಾದ ರೋಗ ಇದು.

ಎರಡು ಪ್ರತಿಯೂ ಕೆಟ್ಟಿದ್ದರೆ ರೋಗ. ಒಂದು ಕೆಟ್ಟು ಒಂದು ಸರಿ ಇದ್ದರೆ ಆ ವ್ಯಕ್ತಿ ವಾಹಕ, ಸಾಮಾನ್ಯವಾಗಿ ಆರೋಗ್ಯವಾಗೇ ಇರ್ತಾರೆ. ತಾವು ಹೊತ್ತಿರೋದು ಅವರಿಗೇ ಗೊತ್ತಿರಲ್ಲ. ಥಲಸ್ಸೇಮಿಯಾದ ಲೆಕ್ಕವೂ ಹೀಗೇ. ಇದು ಎಲ್ಲೋ ಆಫ್ರಿಕಾದ ವಿಷಯ ಅಂದ್ಕೋಬೇಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಸೇರಿ ನಮ್ಮ ರಾಜ್ಯದ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಕುಡಗೋಲು ಕಣ ರೋಗ ಇದೆ. 2047ರೊಳಗೆ ಇದನ್ನ ನಿವಾರಿಸಬೇಕು ಅಂತ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನೇ ಶುರು ಮಾಡಿದೆ.

ಸೋದರತ್ತೆ ಮಗನ ಸಂಬಂಧ

ಈಗ ಲೆಕ್ಕ ಮನೆಗೆ ಬರುತ್ತೆ. ದಕ್ಷಿಣ ಭಾರತದಲ್ಲಿ, ನಮ್ಮ ಕರ್ನಾಟಕದಲ್ಲೂ, ಸೋದರಮಾವನಿಗೆ ಕೊಡೋದು, ಅತ್ತೆ ಮಗನಿಗೆ ಕೊಡೋದು ಹಿಂದಿನಿಂದ ಬಂದದ್ದು. ಈ ವರ್ಷ ರಜೆಗೆ ಊರಿಗೆ ಹೋದಾಗ ನಮ್ಮ ದೊಡ್ಡಪ್ಪನ ಮಗಳಿಗೆ ಸೋದರತ್ತೆ ಮಗನ ಸಂಬಂಧದ ಮಾತು ನಡೀತಿತ್ತು. ಅಕ್ಕ ನನ್ನ ನೋಟ್‌ಬುಕ್ ನೋಡಿ, "ಇದರಲ್ಲಿ ನಮ್ಮಂಥವರ ಲೆಕ್ಕ ಇದೆಯೇನೋ?" ಅಂದಳು. ಅಜ್ಜಿಯೂ ಪಕ್ಕದಲ್ಲೇ ಕೂತಿದ್ದರು.

"ಅಜ್ಜಿ, ನೀವೊಂದು ರೋಗದ ವಾಹಕ ಅಂತ ಇಟ್ಕೊಳ್ಳಿ" ಅಂತ ಶುರು ಮಾಡಿದೆ.

"ನನ್ನನ್ನೇ ಯಾಕೆ ಇಟ್ಕೋತೀಯಾ? ನಿಮ್ಮಜ್ಜನ್ನ ಇಟ್ಕೋ."

ಸರಿ, ಅಜ್ಜನೇ ವಾಹಕ. ಅಜ್ಜನಿಂದ ಮಗನಿಗೆ ಆ ಪ್ರತಿ ಬರೋ ಸಾಧ್ಯತೆ ಅರ್ಧ, ಮಗನಿಂದ ಅಕ್ಕನಿಗೆ ಮತ್ತೆ ಅರ್ಧ. ಒಟ್ಟು 1/4. ಆ ಕಡೆ ಅಜ್ಜನಿಂದ ಮಗಳಿಗೆ, ಮಗಳಿಂದ ಅವಳ ಮಗನಿಗೆ, ಅದೂ 1/4. ಇಬ್ಬರೂ ವಾಹಕರಾಗೋದು 1/16. ಇಬ್ಬರು ವಾಹಕರ ಮಗುವಿಗೆ ರೋಗ ಬರೋದು 1/4. ಗುಣಿಸಿದರೆ 1/64.

ಹೊರಗಿನ ಸಂಬಂಧ ಆದರೆ? ಲೆಕ್ಕಕ್ಕೋಸ್ಕರ ಊರಲ್ಲಿ 50 ಜನರಿಗೆ ಒಬ್ಬರು ಆ ರೋಗದ ವಾಹಕರು ಅಂತ ಇಟ್ಕೊಳ್ಳೋಣ. ಅಕ್ಕ ವಾಹಕಳಾಗೋದು ಅದೇ 1/4, ಗಂಡು 1/50, ಮಗುವಿಗೆ 1/4. ಗುಣಿಸಿದರೆ 1/800. ಅಂದರೆ ಒಳಗಿನ ಸಂಬಂಧದಲ್ಲಿ ಅಪಾಯ ಹನ್ನೆರಡೂವರೆ ಪಟ್ಟು. ರೋಗ ಅಪರೂಪದ್ದಾದಷ್ಟೂ ಈ ಅಂತರ ಇನ್ನೂ ಹೆಚ್ಚುತ್ತೆ. ಸೋದರಮಾವನಿಗೇ ಕೊಟ್ಟರೆ ಒಂದು ಮೆಟ್ಟಿಲು ಕಡಿಮೆ, ಹಾಗಾಗಿ 1/32.

ಅಜ್ಜಿ ಸುಮ್ಮನಿರಲಿಲ್ಲ. "ನಾನೂ ನಿಮ್ಮಜ್ಜನೂ ಸಂಬಂಧದೊಳಗೇ ಆದವರು. ನನ್ನ ನಾಲ್ಕು ಮಕ್ಕಳೂ ಗಟ್ಟಿಮುಟ್ಟಾಗಿಲ್ವೇನೋ?" ಅಂದರು. ಅವರ ಮಾತಿಗೂ ಲೆಕ್ಕಕ್ಕೂ ವಿರೋಧವಿಲ್ಲ. ಅಜ್ಜ ವಾಹಕನೇ ಆಗಿದ್ದರೂ ಅಕ್ಕನ ಪ್ರತಿ ಮಗುವೂ ಆ ರೋಗದಿಂದ ತಪ್ಪಿಸಿಕೊಳ್ಳೋ ಸಾಧ್ಯತೆ 64ರಲ್ಲಿ 63. ಬಹಳ ಮನೆಗಳಲ್ಲಿ ಏನೂ ಆಗಲ್ಲ. ಅದಕ್ಕೇ ಈ ಪದ್ಧತಿಯಲ್ಲಿ ತೊಂದರೆ ಇದೆ ಅಂತ ಒಂದು ಮನೆಯನ್ನ ನೋಡಿ ಹೇಳೋಕೂ ಆಗಲ್ಲ, ಇಲ್ಲ ಅಂತ ಹೇಳೋಕೂ ಆಗಲ್ಲ. ಮೆಂಡೆಲ್ ನಾಲ್ಕೇ ಬೀಜ ನೋಡಿದ್ದರೆ ಅವನಿಗೂ ಏನೂ ಗೊತ್ತಾಗ್ತಿರಲಿಲ್ಲ.

ಆಮೇಲೆ ಅಜ್ಜಿ ಕೇಳಿದ ಪ್ರಶ್ನೆ ಯಾವ ಪ್ರಾಬ್ಲಂ ಸೆಟ್‌ನಲ್ಲೂ ಇರಲಿಲ್ಲ: "ಅದೆಲ್ಲಾ ಇರಲಿ, ನಮ್ಮನೇಲಿ ಅದು ಇದೆಯೋ ಇಲ್ವೋ?"

ಇದಕ್ಕೆ ನನ್ನ ಪೆನ್ಸಿಲ್‌ನಲ್ಲಿ ಉತ್ತರ ಇಲ್ಲ. ನನ್ನ ಲೆಕ್ಕ ಪೂರ್ತಿ 'ಇದ್ದರೆ' ಅನ್ನೋ ಪದದ ಮೇಲೆ ನಿಂತಿದೆ. ಥಲಸ್ಸೇಮಿಯಾ, ಕುಡಗೋಲು ಕಣ ರೋಗಗಳ ವಾಹಕರನ್ನ ರಕ್ತಪರೀಕ್ಷೆಯಿಂದ ಪತ್ತೆ ಮಾಡಬಹುದು. ಬೇರೆ ಎಷ್ಟೋ ಕಾಯಿಲೆಗಳಿಗೆ ಮನೆತನದ ಚರಿತ್ರೆ ಕೇಳಿ, ಬೇಕಾದರೆ ಇನ್ನಷ್ಟು ಪರೀಕ್ಷೆ ಮಾಡಿ ವೈದ್ಯರೇ ಹೇಳಬೇಕು. ಎಲ್ಲಾ ರೋಗಕ್ಕೂ ಒಂದೇ ಪರೀಕ್ಷೆ ಅಂತ ಇಲ್ಲ. ಅಕ್ಕ ಮತ್ತು ಭಾವ ಆಗಬೇಕಾದವರು ಇಬ್ಬರೂ ಮಾತಾಡ್ಕೊಂಡು, ಮೊದಲು ವೈದ್ಯರ ಹತ್ತಿರ ಹೋಗಿ ಬರ್ತೀವಿ ಅಂದಿದ್ದಾರೆ. ಮದುವೆ ಆಗಬೇಕೋ ಬೇಡವೋ ಅನ್ನೋದು ಅವರಿಬ್ಬರ ತೀರ್ಮಾನ. ಏನನ್ನ ಕೇಳಬೇಕು ಅನ್ನೋದು ಮಾತ್ರ ಈಗ ಅವರಿಗೆ ಸ್ಪಷ್ಟ.

ಹಾಗಾದರೆ ಹೇಗೆ ನೋಡೋದು?

ಇಷ್ಟರಿಂದ ತೆಗೆದ ಕೆಲವು ಸೂಚನೆಗಳು:

1. ಮೇಷ್ಟ್ರು ಪ್ರಶ್ನೆ ಕೇಳಿದ ಕೂಡಲೇ ನಿಲ್ಲಿಸಿ. ನಿಮ್ಮ ಉತ್ತರವನ್ನ ಬರೆದೇ ಮುಂದಕ್ಕೆ ಹೋಗಿ. ಮನಸ್ಸಲ್ಲಿ ಅಂದ್ಕೊಂಡರೆ ಸಾಲದು, ಉತ್ತರ ಬಂದ ಮೇಲೆ 'ನಾನೂ ಅದೇ ಅಂದ್ಕೊಂಡಿದ್ದೆ' ಅಂತ ಮನಸ್ಸು ಜಾಣತನ ಮಾಡುತ್ತೆ.

2. ಪ್ರಯೋಗ ಬಂದಾಗ ಮೂರು ಸಾಲು ಬರೆಯಿರಿ: ಪ್ರಶ್ನೆ ಏನು, ಏನು ಮಾಡಿದರು, ಬೇರೆ ಫಲಿತಾಂಶ ಬಂದಿದ್ದರೆ ಏನು ಅರ್ಥವಾಗ್ತಿತ್ತು.

3. ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ ಖಾಲಿ ಹಾಳೆಯಲ್ಲಿ ಚಿತ್ರ ಬರೆಯಿರಿ. ಜೀವಕೋಶ ವಿಭಜನೆಯಲ್ಲಿ ವರ್ಣತಂತುಗಳನ್ನ ಎರಡು ಬಣ್ಣದ ಪೆನ್ನಿನಲ್ಲಿ ಬರೆದರೆ ಯಾವುದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗುತ್ತೆ.

4. ಓಪನ್‌ಕೋರ್ಸ್‌ವೇರ್‌ನಲ್ಲಿ ವಿಡಿಯೊ ಜೊತೆಗೇ ಪ್ರಾಬ್ಲಂ ಸೆಟ್‌ಗಳೂ ಉತ್ತರಗಳೂ ಇವೆ. ಸಮಯ ಕಡಿಮೆ ಇದ್ದರೆ ಒಂದು ವಿಡಿಯೊ ಬಿಟ್ಟರೂ ಪರವಾಗಿಲ್ಲ, ಪ್ರಾಬ್ಲಂ ಬಿಡಬೇಡಿ. ತಳಿವಿಜ್ಞಾನ ನಮ್ಮ ನೆಟ್‌ವರ್ಕ್ ಅನಾಲಿಸಿಸ್ ಇದ್ದ ಹಾಗೆ, ಕೈಯಲ್ಲಿ ಮಾಡದೆ ಬರಲ್ಲ.

5. ವಿಡಿಯೊದಿಂದ ಲ್ಯಾಬ್ ಸಿಗಲ್ಲ. ಬಯೋಟೆಕ್ ವಿಭಾಗದಲ್ಲಿ ಸ್ನೇಹಿತರಿದ್ದರೆ ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸೋಕೆ ಕೇಳಿ. ಬಣ್ಣದ ಎಳೆಗಳು ಎರಡು ಕಡೆಗೆ ಸರಿಯುವ ಹಂತಗಳು ಒಂದೇ ಸ್ಲೈಡಿನಲ್ಲಿ ಕಾಣಬಹುದು.

6. ಕಲಿತದ್ದನ್ನ ಮನೆಯಲ್ಲಿ ಕನ್ನಡದಲ್ಲಿ ಯಾರಿಗಾದರೂ ಹೇಳಿ. ಜೀವಶಾಸ್ತ್ರ ಓದದವರು ಕೇಳೋ ಪ್ರಶ್ನೆಗಳು ಪರೀಕ್ಷೆಯ ಪ್ರಶ್ನೆಗಳಿಗಿಂತ ಕಷ್ಟ ಇರುತ್ತವೆ.

ಶುರು ಮಾಡೋಕೆ ಒಂದು ಲೆಕ್ಕ ಕೊಟ್ಟು ಮುಗಿಸ್ತೀನಿ. ಗಂಡ ಹೆಂಡತಿ ಇಬ್ಬರೂ ಥಲಸ್ಸೇಮಿಯಾ ವಾಹಕರು. ಅವರ ಒಂದು ಮಗು ಆರೋಗ್ಯವಾಗಿದೆ, ರೋಗ ಇಲ್ಲ ಅಂತ ಖಚಿತವಾಗಿದೆ. ಆ ಮಗು ವಾಹಕ ಆಗಿರೋ ಸಾಧ್ಯತೆ ಎಷ್ಟು? ಅರ್ಧ ಅಂತ ಬಾಯಿಗೆ ಬಂದರೆ ಸ್ವಲ್ಪ ತಡೀರಿ, ನಾಲ್ಕು ಮನೆ ಬರೆದು ಒಂದನ್ನ ಹೊಡೆದುಹಾಕಿ. ಉಳಿದ ಮೂರರಲ್ಲಿ ಎಷ್ಟು ಅಂತ ಎಣಿಸಿ.